ಕುರ್ಚಿಯ ಹಿಂದಿನ ಗೆರೆಗಳು

ಹುನಗುಂದದಲ್ಲಿ ಪೇಂಟರ್ ಅಮಾತೆಪ್ಪನ ಮನೆ ಯಾವುದೆಂದು ಕೇಳಿದರೆ ಯಾರೂ ಓಣಿಯ ಹೆಸರು ಹೇಳುವುದಿಲ್ಲ. "ಗ್ವಾಡಿ ಮ್ಯಾಲ ಹುಲಿ ಐತಿ ನೋಡ್ರಿ, ಅದ" ಎನ್ನುತ್ತಾರೆ. ಮದುವೆಯಾದ ವರ್ಷ ಅವನೇ ಬರೆದ ಹುಲಿ ಅದು. ಪಟ್ಟೆ, ಉಗುರು, ಮೀಸೆ ಎಲ್ಲವೂ ಇರಬೇಕಾದ ಜಾಗದಲ್ಲಿವೆ. ಆದರೆ ಆ ಹುಲಿಗೆ ಯಾರೂ ಹೆದರುವುದಿಲ್ಲ. ಫೋಟೋ ತೆಗೆಸಿಕೊಳ್ಳಲು ನಿಂತ ಊರಗೌಡನ ಹಾಗೆ ಅದು ಎದೆ ಉಬ್ಬಿಸಿ, ಬಾಯಿ ಮುಚ್ಚಿಕೊಂಡು ನಿಂತಿದೆ. ಅಮಾತೆಪ್ಪನ ಕುಂಚಕ್ಕೆ ಸಿಕ್ಕದ್ದೆಲ್ಲ ಹೀಗೆಯೇ ಮರ್ಯಾದಸ್ಥ ಆಗಿಬಿಡುತ್ತಿತ್ತು. ನಲವತ್ತು ವರ್ಷ ಅವನಿಗೆ ಹೆಸರು ತಂದುಕೊಟ್ಟದ್ದು ಆ ಗುಣವೇ. ಹೋದ ವರ್ಷ ಅವನ ಹೊಟ್ಟೆಗೆ ಬೆಂಕಿ ಇಟ್ಟದ್ದೂ ಅದೇ.

ಅವನು ಹುಟ್ಟಿದ್ದು ಕೆರೂರ ಹತ್ತಿರದ ಒಂದು ಹಳ್ಳಿಯಲ್ಲಿ. ಏಳನೆಯ ಇಯತ್ತೆಯಲ್ಲಿ ನಪಾಸಾದಾಗ ಸೋದರಮಾವ ಅವನನ್ನು ಬಾದಾಮಿಗೆ ಕರೆದುಕೊಂಡು ಹೋಗಿ, ಸಿನಿಮಾ ಬೋರ್ಡು ಬರೆಯುವ ಉಸ್ತಾದರೊಬ್ಬರ ಕೈಗೆ ಒಪ್ಪಿಸಿದ. ಅಲ್ಲಿ ಹನ್ನೊಂದು ವರ್ಷ. ದಾರಕ್ಕೆ ಬಣ್ಣದ ಪುಡಿ ಸವರಿ, ಎರಡೂ ತುದಿ ಬಿಗಿಹಿಡಿದು, ನಡುವೆ ಚಿಟಿಕೆ ಹೊಡೆದಂತೆ ಬಿಟ್ಟರೆ ಗೋಡೆಯ ಮೇಲೆ ನೇರ ಗೆರೆ ಮೂಡುತ್ತದೆ. ಅಂಥ ಗೆರೆಗಳಿಂದ ಚೌಕ ಹಾಕಿ ಚಿಕ್ಕ ಚಿತ್ರವನ್ನು ದೊಡ್ಡದು ಮಾಡುವುದನ್ನು ಅಲ್ಲಿ ಕಲಿತ. ಅದಕ್ಕಿಂತ ಹೆಚ್ಚಾಗಿ ಅಕ್ಷರ ಕಲಿತ. ಅಂಗಡಿ, ದವಾಖಾನೆಗಳ ಗಾಜಿನ ಬಾಗಿಲಿಗೆ ಒಳಗಿನಿಂದ ಹಿಂದುಮುಂದಾಗಿ ಬರೆಯಬೇಕು, ಹೊರಗೆ ನಿಂತವನಿಗೆ ಸರಿಯಾಗಿ ಕಾಣಬೇಕು. ಅದರಲ್ಲಿ ಇಡೀ ತಾಲೂಕಿನಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. ಮುಂದೆ ಹುನಗುಂದಕ್ಕೆ ಬಂದು ನೆಲೆಸಿದ. ಶಾಲೆಯ ಗೋಡೆ, ಟ್ರ್ಯಾಕ್ಟರಿನ ಟ್ರೇಲರು, ಚುನಾವಣೆಯಲ್ಲಿ ನಿಂತವರ ಮುಖ ಎಲ್ಲ ಬರೆದ. ಬೋಳುತಲೆಯ ಉಮೇದುವಾರನಿಗೂ ಅವನ ಗೋಡೆಯ ಮೇಲೆ ಒಂದಿಷ್ಟು ಕೂದಲು ಬರುತ್ತಿತ್ತು.

ಫ್ಲೆಕ್ಸ್ ಬಂದ ಮೇಲೆ ಕೆಲಸ ಕಡಿಮೆಯಾದರೂ ಅವನು ಹಾಳಾಗಲಿಲ್ಲ. ಮಗ ಹುನಗುಂದದಲ್ಲೇ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ. ಅಮಾತೆಪ್ಪ ಗಾಡಿಗಳ ನಂಬರು ಬರೆಯುತ್ತ, ಉಳಿದ ಹೊತ್ತು ಊರ ವಾಚನಾಲಯದಲ್ಲಿ ಪೇಪರು ಓದುತ್ತ ಆರಾಮಾಗಿದ್ದ. ಹೀಗಿರುವಾಗ ವಾಚನಾಲಯದ ಕಾರ್ಯದರ್ಶಿ ಶಿವಪ್ರಕಾಶ ವಕೀಲರು ಅವನನ್ನು ಕರೆಸಿದರು.

ವಾಚನಾಲಯದ ಕಪಾಟಿನಲ್ಲಿ ಹಳೆಯ ವಾರಪತ್ರಿಕೆಗಳ ರಟ್ಟು ಕಟ್ಟಿದ ಸಂಪುಟಗಳಿದ್ದವು. ಬ್ರಿಟಿಷರ ಕಾಲದಿಂದ ಹಿಡಿದು ಕರ್ನಾಟಕ ಒಂದಾಗುವವರೆಗಿನವು. ಅವುಗಳಲ್ಲಿ ಅಂದಿನ ರಾಜಕೀಯದ ವ್ಯಂಗ್ಯಚಿತ್ರಗಳಿದ್ದವು, ಒಂದೊಂದೂ ಅಂಗೈಯಷ್ಟು. ಹಾಳೆ ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತಿತ್ತು.

"ಇವು ಹಾಳಾಗಿ ಹೋಗೂದ್ರೊಳಗ ಹನ್ನೆರಡು ಚಿತ್ರಾ ಆರಿಸಿ, ನಾಕು ಫೂಟಿನ ಹಲಗಿ ಮ್ಯಾಲ ಕೈಲೆ ಬರಸೋಣು ಅಂತ ಮಾಡೇನಿ. ಪ್ರಿಂಟ್ ಹೊಡಿಸಿದ್ರ ಬರೇ ಮಸಿ ಕಾಣತೈತಿ," ಎಂದರು ವಕೀಲರು. "ಮೊದಲು ಆರು ಬರಸೋಣು. ಅವನ್ನ ತೂಗುಹಾಕಿದ ಮ್ಯಾಲ ಬಾಗಲದ ಮ್ಯಾಲಿಂದು ಯಾರು ಬರೀಬೇಕು ಅಂತ ಕಮಿಟಿ ಹೇಳತೈತಿ."

ಬಾಗಿಲ ಮೇಲಿನದು ಎಲ್ಲಕ್ಕಿಂತ ದೊಡ್ಡ ಹಲಗೆ. ಅದಕ್ಕೆ ಆರಿಸಿದ್ದು ಏಕೀಕರಣದ ಚಿತ್ರ. ಒಂದೇ ಕಂಬಳಿ, ಅದನ್ನು ಐದು ಕಡೆಯಿಂದ ಎಳೆಯುವ ಐದು ಮಂದಿ. ಕಂಬಳಿಯ ಕೆಳಗೆ ಚಳಿಗೆ ನಡುಗುವ ಕನ್ನಡಿಗ. ಆ ಬಾಗಿಲು ತನ್ನದೆಂದೇ ಅಮಾತೆಪ್ಪ ತಿಳಿದ. ವಾಚನಾಲಯದ ನಾಮಫಲಕ ಬರೆದವನು ಅವನೇ ಅಲ್ಲವೆ? "ಕಮಿಟಿ ಯಾಕ್ರಿ, ನಾ ಇಲ್ಲೇನು?" ಎಂದ.

"ನೀ ಅದೀಪಾ. ಇನ್ನೊಬ್ಬಾಕಿನೂ ಅದಾಳ," ಎಂದರು ವಕೀಲರು.

ಆ ಇನ್ನೊಬ್ಬಾಕೆ ಇಳಕಲ್ಲಿನ ಮುಬಶೀರಾ. ಮೂವತ್ತರ ಆಸುಪಾಸಿನವಳು. ನೇಕಾರರಿಗೆ ಸೀರೆಯ ದಡಿ, ಸೆರಗುಗಳ ನಕ್ಷೆಯನ್ನು ಚೌಕಳಿ ಹಾಳೆಯ ಮೇಲೆ ಬರೆದುಕೊಡುವುದು ಅವಳ ಕೆಲಸ. ವಕೀಲರು ಯಾವುದೋ ಕೇಸಿಗೆ ಅಲ್ಲಿಗೆ ಹೋದಾಗ, ಆ ಹಾಳೆಗಳ ಅಂಚಿನಲ್ಲಿ ಅವಳು ಸುಮ್ಮನೆ ಗೀಚಿದ್ದ ಮಾಲಕರ, ದಲಾಲರ ಮೂತಿಗಳನ್ನು ನೋಡಿ ಬಿದ್ದುಬಿದ್ದು ನಕ್ಕಿದ್ದರು.

"ಸೀರಿ ನಕ್ಷಿ ಬರಿಯಾಕಿ ಹಲಗಿ ಮ್ಯಾಲ ಏನ್ ಬರದಾಳ್ರಿ?" ಎಂದು ಅಮಾತೆಪ್ಪ ನಕ್ಕ. ನಿಶ್ಚಿಂತನಾಗಿ ನಕ್ಕದ್ದು ಅದೇ ಕೊನೆ.

ಚಿತ್ರಗಳನ್ನು ಮೂರು ಮೂರು ಹಂಚಿದರು. ಅಮಾತೆಪ್ಪನ ಮೊದಲ ಚಿತ್ರ, ರೈತನ ಹೆಗಲ ಮೇಲೆ ಕುಳಿತು ಕಂದಾಯ ವಸೂಲಿ ಮಾಡುವ ಬಿಳಿಯ ಸಾಹೇಬನದು. ಅಮಾತೆಪ್ಪ ದಾರ ಹಿಡಿದ, ಚೌಕ ಹಾಕಿದ, ಹದಿನೈದು ದಿನ ಕುಳಿತು ಬರೆದ. ಕೋಟಿನ ಗುಂಡಿ ಹೊಳೆಯುವಂತೆ, ಬೂಟಿನಲ್ಲಿ ಮುಖ ಕಾಣುವಂತೆ ತಿದ್ದಿದ. ಮೂಲದಲ್ಲಿ ಮೂಗು ಬದನೆಕಾಯಿಯಂತಿತ್ತು. ಅಷ್ಟು ಕೆಟ್ಟ ಮೂಗು ಬರೆಯಲು ಅವನ ಕೈ ಒಪ್ಪಲಿಲ್ಲ, ತುಸು ಸರಿಮಾಡಿದ.

ವಕೀಲರು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ಕೆಲಸ ಭಾಳ ನೀಟ್ ಆಗೇತಿ ಅಮಾತೆಪ್ಪ. ಆದ್ರ ಇಂವ ರೈತನ ಹೆಗಲ ಮ್ಯಾಲ ಕುಂತಂಗ ಇಲ್ಲಲೋ. ಕುದುರಿ ಮ್ಯಾಲ ಕುಂತ ಮದುಮಗನಂಗ ಕಾಣ್ತಾನ."

"ನೋಡವರು ನೋಡಿದ್ರ ಗೊತ್ತಾಗತೈತ್ರಿ," ಎಂದು ಅಮಾತೆಪ್ಪ ಮುಖ ಗಂಟುಹಾಕಿಕೊಂಡ.

ಅದೇ ವಾರ ಇಳಕಲ್ಲಿನಿಂದ ಮುಬಶೀರಾಳ ಮೊದಲ ಹಲಗೆ ಬಂತು. ಬಸ್ಸಿನ ಕಂಡಕ್ಟರನೇ ಅದನ್ನು ಹೊತ್ತು ತಂದು ವಾಚನಾಲಯದ ಕಟ್ಟೆಗೆ ಆನಿಸಿದ. ದಾರಿಯುದ್ದಕ್ಕೂ ಬಸ್ಸಿನ ಮಂದಿ ಅದನ್ನು ನೋಡಿ ನಕ್ಕರಂತೆ, ಅವನೂ ನಗುತ್ತಲೇ ಇದ್ದ. ಬಾಲ ಮುದುರಿದ ನಾಯಿಯ ಮೈ, ಅದಕ್ಕೊಬ್ಬ ರಾಯಬಹಾದ್ದೂರನ ಮುಖ, ಎದುರಿಗೆ ಸಾಹೇಬನ ಬೂಟು. ಗೆರೆ ಒಂದು ಕಡೆ ಕೂದಲಷ್ಟು ತೆಳ್ಳಗೆ ಹೊರಟು, ಹೊಟ್ಟೆಯ ಹತ್ತಿರ ದಪ್ಪಗಾಗಿ, ಬಾಲದಲ್ಲಿ ಮತ್ತೆ ತೆಳ್ಳಗಾಗುತ್ತಿತ್ತು. ಎಲ್ಲಿಯೂ ಕುಂಚ ಎತ್ತಿದಂತೆ ಕಾಣುತ್ತಿರಲಿಲ್ಲ.

ಅಮಾತೆಪ್ಪನಿಗೂ ನಗು ಬಂತು. ಬಂದ ನಗುವನ್ನು ಹಲ್ಲು ಕಚ್ಚಿ ನುಂಗಿದ. ಅದು ಗಂಟಲಿನಿಂದ ಕೆಳಗಿಳಿದು ಹೊಟ್ಟೆಯಲ್ಲಿ ಕೆಂಡವಾಗಿ ಕುಳಿತಿತು.

ಅಂದಿನಿಂದ ಅವನಿಗೆ ಊಟ ರುಚಿಸಲಿಲ್ಲ. ಪೇಪರು ಓದಲು ಹೋದರೆ ಆ ನಾಯಿ ಅವನನ್ನೇ ನೋಡುತ್ತಿತ್ತು. ಮನೆಯಲ್ಲಿ ಹಳೆಯ ಕ್ಯಾಲೆಂಡರಿನ ಹಿಂದೆ ಆ ಬಾಲದ ಗೆರೆಯನ್ನು ಬರೆದು ನೋಡಿದ. ಒಂದಲ್ಲ, ಇಪ್ಪತ್ತು ಸಲ. ಅವನ ಬಾಲ ನೆಟ್ಟಗಿನ ಬಾಲವೇ ಆಗುತ್ತಿತ್ತು, ಯಾರಿಗೂ ಹೆದರದ ನಾಯಿಯದು.

ಹೆಂಡತಿ ಗುರುಲಿಂಗವ್ವ ರೊಟ್ಟಿ ಬಡಿಯುತ್ತಲೇ ಕೇಳಿದಳು. "ಏನ್ರೀ ಅದು, ಜ್ವಾಳದ ದಂಟೇನು?"

"ನಾಯಿ ಬಾಲ."

"ನಾಯಿ ಎಲ್ಲಿ ಹೋತು?"

"ಇಳಕಲ್ಲಾಗೈತಿ," ಎಂದು ಸಿಡುಕಿ ಅವನು ಹಾಳೆ ಹರಿದ.

ಚಿತ್ರದ ಕೆಳಗಿನ ಬರಹ ಮಾತ್ರ ಆರೂ ಹಲಗೆಗಳಿಗೆ ಅಮಾತೆಪ್ಪನೇ ಬರೆಯಬೇಕೆಂದು ನಿಶ್ಚಯವಾಗಿತ್ತು; ಅಕ್ಷರದಲ್ಲಿ ಅವನಿಗೆ ಸಾಟಿ ಇರಲಿಲ್ಲ. ಹಾಗಾಗಿ ಮುಬಶೀರಾ ತನ್ನ ಮೂರನೆಯ ಹಲಗೆಯನ್ನು ತಾನೇ ಬಸ್ಸಿನಲ್ಲಿ ತಂದು ಅವನ ಪಡಸಾಲೆಯಲ್ಲಿ ಇಟ್ಟಳು. ಮುಂಬೈ ಸರಕಾರದ ಮಂತ್ರಿಯೊಬ್ಬ ಕುರ್ಚಿಯಲ್ಲಿ ಕುಳಿತಿದ್ದಾನೆ. ಕುರ್ಚಿಯ ಕಾಲುಗಳು ಬೇರು ಬಿಟ್ಟು ನೆಲದೊಳಗೆ ಇಳಿದಿವೆ. ಕನ್ನಡಿಗರು ಅರ್ಜಿ ಹಿಡಿದು ನಿಂತಿದ್ದರೆ, ಅವನು ಆಕಳಿಸುತ್ತ 'ನಾಳೆ ನೋಡೋಣ' ಎನ್ನುತ್ತಿದ್ದಾನೆ.

"ಕಾಕಾರ, ಒಮ್ಮಿ ಸರಿಯಾಗಿ ನೋಡ್ರಿ," ಎಂದಳು ಮುಬಶೀರಾ, ನೀರಿನ ಚರಿಗೆ ಕೆಳಗಿಟ್ಟು. "ನಾ ಹಲಗಿ ಮ್ಯಾಲ ಬರಿಯೂದು ಇದ ಮೊದಲ. ನನಗೇನ್ ಗೊತ್ತಾಗತೈತ್ರಿ? ತಪ್ಪಿದ್ರ ಹೇಳ್ರಿ, ತಿದ್ದತೇನಿ."

ಅಮಾತೆಪ್ಪ ನೋಡಿದ. ಮೊದಲು ಆಕಳಿಕೆಯನ್ನು ನೋಡಿದ. ನೋಡಿದವನಿಗೇ ಆಕಳಿಕೆ ಬರುವಂತಿತ್ತು. ಕೆಂಡ ಮತ್ತಷ್ಟು ಉರಿಯಿತು. ಆಮೇಲೆ ಅವನ ಕಣ್ಣು ಕುರ್ಚಿಯ ಹಿಂದಕ್ಕೆ ಹೋಯಿತು. ಅಲ್ಲಿ ನೆರಳಿಗೆಂದು ಅಡ್ಡಗೆರೆಗಳಿದ್ದವು. ಅವುಗಳ ನಡುವೆ ತಿಳಿಬೂದು ಬಣ್ಣದ ಬೇರೆ ಗೆರೆಗಳಿದ್ದವು, ತುಂಡುತುಂಡಾಗಿ, ಸುರುಳಿಯಾಗಿ. ಅವನಿಗೆ ಅದು ಏನೆಂದು ತಿಳಿಯಲು ಒಂದು ಗಳಿಗೆಯೂ ಬೇಕಾಗಲಿಲ್ಲ. ಅವು ಅಕ್ಷರಗಳು, ಹಿಂದುಮುಂದಾದ ಅಕ್ಷರಗಳು. ಗಾಜಿನ ಬಾಗಿಲಿನ ಒಳಗಿನಿಂದ ನೂರಾರು ಸಲ ಬರೆದ ಬಗೆಯವು.

ಹಳೆಯ ಹಾಳೆ ತೆಳ್ಳಗಿತ್ತು. ಹಿಂದಿನ ಪುಟದ ಜಾಹೀರಾತು ಈಚೆಗೆ ಇಣುಕಿತ್ತು. ಝೆರಾಕ್ಸ್ ಮಾಡಿದಾಗ ಅದು ಇನ್ನೂ ಕಪ್ಪಾಗಿ, ಚಿತ್ರದ ಗೆರೆಗಳೊಡನೆ ಬೆರೆತುಹೋಗಿತ್ತು. ಮುಬಶೀರಾಳ ಹತ್ತಿರ ಇದ್ದದ್ದು ಆ ಝೆರಾಕ್ಸ್ ಮಾತ್ರ. ನಕ್ಷೆಯವರು ಇಡೀ ಚಿತ್ರವನ್ನು ನೋಡಿಕೊಂಡು ಬರೆಯುವುದಿಲ್ಲ. ಉಳಿದದ್ದನ್ನು ಮುಚ್ಚಿ, ಒಂದು ಚೌಕ ಮುಗಿಸಿ ಇನ್ನೊಂದಕ್ಕೆ ಹೋಗುತ್ತಾರೆ. ಒಂದು ಚುಕ್ಕಿ ಬಿಟ್ಟರೂ ದಡಿ ಕೆಡುತ್ತದೆಂದು ಚಿಕ್ಕಂದಿನಿಂದ ಕಲಿತವಳು, ಹಾಳೆಯ ಮೇಲೆ ಇದ್ದದ್ದರಲ್ಲಿ ಒಂದನ್ನೂ ಬಿಟ್ಟಿರಲಿಲ್ಲ.

ಅಮಾತೆಪ್ಪ ಮನಸ್ಸಿನಲ್ಲೇ ಓದಿದ. 'ಮೂಲವ್ಯಾಧಿಗೆ ಖಾತ್ರಿ ಗುಳಿಗೆ.' ಮಂತ್ರಿಯ ಕುರ್ಚಿಯ ಸರಿಯಾಗಿ ಹಿಂದೆ.

"ಹೆಂಗೈತ್ರಿ ಕಾಕಾರ?"

ಹೇಳುವುದು ಎಷ್ಟು ಹೊತ್ತಿನ ಕೆಲಸ? ಒಂದು ಮಾತು. ಅವಳು ಅಲ್ಲೇ ಕುಳಿತು ಒರೆಸಿ ಹೋಗುತ್ತಿದ್ದಳು. ಆದರೆ ಅವನ ನಾಲಿಗೆ ಬಾಗಿಲ ಮೇಲಿನ ಹಲಗೆಯನ್ನು ನೆನೆಯಿತು.

"ಛಲೋ ಆಗೇತಿ," ಎಂದ. "ಏನೂ ತಿದ್ದೂದಿಲ್ಲ."

ಅವಳ ಮುಖ ಅರಳಿತು. "ನೀವು ಅಂದ್ರಿ ಅಂದ್ರ ಮುಗೀತು ಬಿಡ್ರಿ," ಎಂದು ಸಮಾಧಾನದಿಂದ ಬಸ್ಸಿಗೆ ಹೋದಳು.

ಅಮಾತೆಪ್ಪ ಕೆಳಗೆ ಅಕ್ಷರ ಬರೆದ. ತನ್ನ ಆಯುಷ್ಯದಲ್ಲೇ ಅಷ್ಟು ಚೆಂದದ ಅಕ್ಷರ ಬರೆದಿರಲಿಲ್ಲ. ಆಮೇಲೆ ಹಲಗೆಯ ಮೇಲೆ ವಾರ್ನಿಶ್ ಹೊಡೆದ. ಒಂದು ಕೈ ಸಾಕಾಗಿತ್ತು. ಎರಡು ಕೈ ಹೊಡೆದ. ಇನ್ನು ಆ ಗೆರೆಗಳನ್ನು ಯಾರೂ ಸುಲಭಕ್ಕೆ ಒರೆಸುವಂತಿರಲಿಲ್ಲ. ವಾರವಿಡೀ ಹಲಗೆ ಪಡಸಾಲೆಯಲ್ಲಿ ಒಣಗಿತು. ಬರುವಾಗ ಹೋಗುವಾಗ ಅವನು ಅದರ ಮುಂದೆ ನಿಂತು ಓದುತ್ತಿದ್ದ, ತುಟಿ ಅಲುಗುತ್ತಿತ್ತು.

"ಒಬ್ಬರ ಯಾಕ್ ನಗಾಕ್ಹತ್ತೀರಿ?" ಎಂದಳು ಗುರುಲಿಂಗವ್ವ. "ತಿಂಗಳಾತು, ಮಾರಿ ಸುಟ್ಟ ಬದನಿಕಾಯಿ ಆಗಿತ್ತು. ಈಗ ನಗೂ ಬಂತು. ಏನರೆ ಗಿಡಮೂಲಿಕಿ ತಿಂದೀರೇನು?"

"ನಿನಗ ಚಿತ್ರ ತಿಳಿಯಂಗಿಲ್ಲ, ಸುಮ್ಮನಿರು."

ಹಲಗೆಗಳನ್ನು ತೂಗುಹಾಕುವ ದಿನ ಬೆಳಿಗ್ಗೆ ಹತ್ತಕ್ಕೆ ವಾಚನಾಲಯ ತುಂಬಿತ್ತು. ಕಮಿಟಿಯವರು, ಕೋರ್ಟಿನ ಗುಮಾಸ್ತರು, ಕಾಲೇಜಿನ ಹುಡುಗಿಯರು. ಮುಖ್ಯ ಅತಿಥಿಗಳು ಮಲೀಕಸಾಬರು. ಬಾಗಲಕೋಟೆಯ ಒಂದು ಛಾಪಖಾನೆಯಲ್ಲಿ ನಲವತ್ತು ವರ್ಷ ಸೀಸದ ಅಕ್ಷರದ ಮೊಳೆ ಜೋಡಿಸಿದವರು, ಈಗ ಅಲ್ಲೇ ವಿದ್ಯಾಗಿರಿಯಲ್ಲಿ ಮಗಳ ಮನೆಯಲ್ಲಿದ್ದರು. ಎಂಬತ್ತು ದಾಟಿದರೂ ಕನ್ನಡಕವಿಲ್ಲದೆ ಓದುತ್ತಿದ್ದರು. ಅಮಾತೆಪ್ಪ ಅವರಿಗೆ ಹಳೆಯ ಗುರುತು. ಅವರ ಹೆಸರು ಕೇಳಿದಾಗಲೇ ಅಮಾತೆಪ್ಪನಿಗೆ ಗೊತ್ತಾಗಿತ್ತು, ಇವತ್ತು ಏನಾಗುತ್ತದೆಂದು. ಮೊಳೆ ಜೋಡಿಸುವವರು ಓದುವುದು ಹಿಂದುಮುಂದಾದ ಅಕ್ಷರವನ್ನೇ. ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ಅವನು ಕಂಬಕ್ಕೆ ಆತು ನಿಂತ.

ಮಲೀಕಸಾಬರು ಒಂದೊಂದೇ ಚಿತ್ರ ನೋಡುತ್ತ ಬಂದರು. ಅಮಾತೆಪ್ಪನ ಮೂರರ ಮುಂದೆ "ಛಲೋ, ಛಲೋ" ಎಂದು ಮುಂದೆ ನಡೆದರು. ನಾಯಿಯ ಮುಂದೆ ನಿಂತು ಕೋಲು ನೆಲಕ್ಕೆ ಕುಟ್ಟಿ ನಕ್ಕರು. ಮಂತ್ರಿಯ ಹಲಗೆಯ ಮುಂದೆ ಬಂದವರು ನಗಲಿಲ್ಲ. ಕತ್ತು ವಾರೆ ಮಾಡಿದರು, ಹತ್ತಿರ ಹೋದರು.

"ಇದನ್ನ ಬರದವರು ಯಾರು?"

"ನಾನ್ರಿ ಅಜ್ಜಾರ," ಎಂದು ಮುಬಶೀರಾ ಮುಂದೆ ಬಂದಳು.

"ಮಂತ್ರಿಗೆ ಮೂಲವ್ಯಾಧಿ ಇತ್ತಂತ ನಿನಗ ಯಾರ್ ಹೇಳಿದ್ರವಾ?"

ಯಾರಿಗೂ ತಿಳಿಯಲಿಲ್ಲ. ಮಲೀಕಸಾಬರು ಕೋಲಿನ ತುದಿಯಿಂದ ಒಂದೊಂದೇ ಅಕ್ಷರ ತೋರಿಸುತ್ತ, ಬಲದಿಂದ ಎಡಕ್ಕೆ ಗಟ್ಟಿಯಾಗಿ ಓದಿದರು. ಮಂದಿ ಹೋ ಎಂದು ನಕ್ಕರು. "ಅದಕ್ಕ ಕುರ್ಚಿಯಿಂದ ಏಳವಲ್ಲ ನೋಡ್ರಿ!" ಎಂದ ಒಬ್ಬ ಗುಮಾಸ್ತ. ನಗು ಮತ್ತೊಂದು ಸುತ್ತು ಹೋಯಿತು.

ಮುಬಶೀರಾ ಹಲಗೆಯ ಹತ್ತಿರ ಹೋಗಿ ಗೆರೆಗಳನ್ನು ಬೆರಳಿನಿಂದ ಮುಟ್ಟಿದಳು. ಅವಳ ಮುಖ ಕಿವಿಯವರೆಗೂ ಕೆಂಪೇರಿತ್ತು. ಅಮಾತೆಪ್ಪ ಇಷ್ಟು ದಿನ ಕಾದದ್ದು ಇದೇ ಗಳಿಗೆಗೆ. ಬೆಲ್ಲ ತಿಂದಂತಾಯಿತು. ಆ ಸವಿ ಬಾಯಲ್ಲಿ ಕರಗುವಷ್ಟರಲ್ಲಿ ಮಲೀಕಸಾಬರು ಅವನ ಕಡೆ ತಿರುಗಿದರು.

"ಲೇ ಅಮಾತೆಪ್ಪ, ಕೆಳಗಿನ ಅಕ್ಷರ ನಿಂದ ಅಲ್ಲೇನು? ಕಾಜಿನ ಮ್ಯಾಲ ಉಲ್ಟಾ ಬರದು ಬರದು ಬಾಳೇ ಮಾಡಿದಾಂವ ನೀ. ಇದು ನಿನ್ನ ಕಣ್ಣಿಗೆ ಬೀಳ್ಲಿಲ್ಲೇನೋ?"

ಅವನು ಬಾಯಿ ತೆರೆಯುವ ಮುಂಚೆಯೇ ಮುಬಶೀರಾ ಅಡ್ಡ ಬಂದಳು. "ಕಾಕಾರಿಗೆ ಯಾಕ ಅಂತೀರಿ ಅಜ್ಜಾರ? ತಪ್ಪು ನಂದು. ಅವರು ನೋಡ್ಯಾರ್ರಿ, ಕಂಡಿಲ್ಲ. ಈಗ ಅವರ ಕಣ್ಣು ಮೊದಲಿನಂಗ ಎಲ್ಲಿರ್ತಾವು? ವಯಸ್ಸಾತಲ್ಲ."

"ಹೌದ್ ಬಿಡ್ರಿ, ಪೊರಿ ಬಂದಿರಬೇಕು," ಎಂದ ಕಮಿಟಿಯ ಒಬ್ಬ.

"ನಮ್ಮಪ್ಪಗೂ ಹಿಂಗ ಆಗಿತ್ತು. ಬಾಗಲಕೋಟಿಗೆ ಕರಕೊಂಡು ಹೋಗಿ ತೋರಸ್ರಿ, ಎರಡು ದಿನದಾಗ ಮನೀಗೆ ಬರ್ತಾರ," ಎಂದ ಇನ್ನೊಬ್ಬ.

ಶಿವಪ್ರಕಾಶ ವಕೀಲರು ಅವನ ಹೆಗಲ ಮೇಲೆ ಕೈ ಇಟ್ಟರು. "ಮೊದಲ ಯಾಕ ಹೇಳ್ಲಿಲ್ಲೋ ಮಾರಾಯ? ನಾ ಸುಮ್ಮನ ನಿನಗ ಇಂಥಾ ಸೂಕ್ಷ್ಮ ಕೆಲಸಾ ಹಚ್ಚಿದೆ. ಇನ್ನ ಮ್ಯಾಲ ನೀ ಆರಾಮ ಕೂಡು."

ಎಲ್ಲರೂ ಅವನನ್ನು ಕರುಣೆಯಿಂದ ನೋಡುತ್ತಿದ್ದರು. ಒಬ್ಬಾಕೆ ಕುರ್ಚಿಯನ್ನೂ ತಂದು ಹಾಕಿದಳು. ಸುಮ್ಮನೆ ಆ ಕುರ್ಚಿಯಲ್ಲಿ ಕುಳಿತು "ಹೂಂ, ಈಗೀಗ ಮಂಜು ಮಂಜು" ಎಂದಿದ್ದರೆ ಅವನ ಮರ್ಯಾದೆ ಉಳಿಯುತ್ತಿತ್ತು. ಆದರೆ ಕಣ್ಣಿನ ಹೆಸರು ಹೋಗುತ್ತಿತ್ತು. ಸಂಜೆಯೊಳಗೆ ಊರೆಲ್ಲ ಅಮಾತೆಪ್ಪ ಕುರುಡ ಆದನಂತೆ ಎನ್ನುತ್ತಿತ್ತು. ನಂಬರು ಬರೆಸಲು ಬಂದವನೂ ಹಿಂದಿರುಗುತ್ತಿದ್ದ. ಅದಕ್ಕಿಂತ ದೊಡ್ಡದಾಗಿ, ಆ ಗೆರೆಗಳನ್ನು ಎಲ್ಲರಿಗಿಂತ ಮೊದಲು ಓದಿದವನು ಅವನು. ಆ ಒಂದರಲ್ಲಿ ಅವನು ಅವಳನ್ನು ಗೆದ್ದಿದ್ದ. ಆ ಗೆಲುವನ್ನೂ ಅವಳು ಒಳ್ಳೆಯ ಮನಸ್ಸಿನಿಂದಲೇ ಕಸಿದುಕೊಳ್ಳುತ್ತಿದ್ದಳು.

"ನನ್ನ ಕಣ್ಣಿಗೆ ಏನೂ ಆಗಿಲ್ಲ!" ಎಂದು ಅಮಾತೆಪ್ಪ ಕೂಗಿದ.

ಕುರ್ಚಿ ತಂದಾಕೆ ಹಿಂದೆ ಸರಿದಳು.

"ನಾ ಮೊದಲನೇ ದಿನಾನ ಓದೇನಿ. ಅಕಿ ಹಲಗಿ ತಂದಿಟ್ಟ ಗಳಿಗ್ಯಾಗ. ಅಜ್ಜಾರು ಮೂರು ಶಬ್ದ ಓದಿದ್ರು. ಮ್ಯಾಲ ಎಡಕ್ಕ ಅರ್ಧ ಸಾಲು ಇನ್ನೊಂದೈತಿ ನೋಡ್ರಿ, 'ಅಂಚೆಯಿಂದ ಕಳಿಸಲಾಗುವುದು' ಅಂತ. ಅದು ಅವರಿಗೂ ಕಂಡಿಲ್ಲ."

ಮಲೀಕಸಾಬರು ಬಗ್ಗಿ ನೋಡಿ, ಹೌದೆಂದು ತಲೆಯಾಡಿಸಿದರು.

ಮುಬಶೀರಾ ನಿಧಾನವಾಗಿ ಕೇಳಿದಳು. "ಓದಿದ್ರಿ?"

"ಓದೇನಿ."

"ನಾ ಕೇಳಿದ್ನಲ್ರಿ, ತಪ್ಪಿದ್ರ ಹೇಳ್ರಿ ಅಂತ? ಅದ್ರ ಮ್ಯಾಲ ವಾರ್ನಿಶೂ ಹೊಡದ್ರಿ?"

"ಎರಡು ಕೈ," ಎಂದ ಅಮಾತೆಪ್ಪ. ಇನ್ನು ಬಚ್ಚಿಡಲು ಏನೂ ಉಳಿದಿರಲಿಲ್ಲ. "ನಿನ್ನ ನಾಯಿ ಬಾಲ ಇಪ್ಪತ್ತು ಸಲ ಬರದು ನೋಡೇನಿ. ನನಗ ಬರಲಿಲ್ಲ. ನೀ ಬರದ್ರ ಮಂದಿ ನಗತಾರ, ನಾ ಬರದ್ರ ಕೈ ಮುಗೀತಾರ. ನನಗ ತಡಕೊಳ್ಳಾಕ ಆಗ್ಲಿಲ್ಲ."

ವಕೀಲರು ಹೆಗಲ ಮೇಲಿನ ಕೈ ತೆಗೆದರು. "ಥೂ ನಿನ್ನ! ಅರವತ್ತು ದಾಟಿದಾಂವಗ ಮಗಳ ವಯಸ್ಸಿನಾಕಿ ಮ್ಯಾಲ ಹೊಟ್ಟಿಕಿಚ್ಚೇನೋ?" ಎಂದು ಬೈದರು. ಅಮಾತೆಪ್ಪ ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ ಒಳಗಿನಿಂದ ಮುಬಶೀರಾಳ ದನಿ ಕೇಳಿತು. ಅವಳು ವಕೀಲರೊಡನೆ ಮಾತನಾಡುತ್ತಿದ್ದಳು. ಆದರೆ ಅವನಿಗೆ ಕೇಳಲೆಂದೇ ಗಟ್ಟಿಯಾಗಿ ಹೇಳುತ್ತಿದ್ದಳು.

"ಬಾಗಲದ ಚಿತ್ರ ನಾ ಬರೀತೇನ್ರಿ. ಇಲ್ಲೇ ಕುಂತು ಬರೀತೇನಿ. ಆದ್ರ ಇವರು ದಿನಾ ಬಂದು ನನ್ನ ಎದುರಿಗೆ ಕೂಡಬೇಕು."

"ಈ ಮನಷ್ಯಾ ಮತ್ಯಾಕವಾ ನಿನಗ?"

"ನಮ್ಮ ಮನ್ಯಾಗ ನಾ ಏನ್ ಬರದ್ರೂ ಛಲೋ ಐತಿ ಅಂತಾರ. ನೀವೂ ಅಂತೀರಿ. ನಾಕು ಮಂದಿ ಮುಂದ ಮಾರಿ ಕೆಂಪು ಮಾಡಕೊಂಡು ನಿಂತಾಕಿ ನಾನು. ನನ್ನ ತಪ್ಪು ಹುಡುಕೂ ಆಶಾ ಇದ್ದವರ ಕಣ್ಣು ನನಗ ಬೇಕ್ರಿ. ಈ ಸಲ ಬಾಯಿ ಮುಚ್ಚಕೊಂಡ್ರ ಮಾತ್ರ ನಾ ಬಿಡೂದಿಲ್ಲ."

ಎರಡು ದಿನ ಅಮಾತೆಪ್ಪ ಮನೆಯಿಂದ ಹೊರಗೆ ಬೀಳಲಿಲ್ಲ. ಮೂರನೆಯ ದಿನ ಗುರುಲಿಂಗವ್ವ ಅವನ ಟೋಪಿ, ಚಪ್ಪಲಿ ಎರಡನ್ನೂ ಬಾಗಿಲಲ್ಲಿ ಇಟ್ಟಳು. "ಹೋಗ್ರಿ. ಮನ್ಯಾಗ ಕುಂತು ಉರಿಯೂದಕ್ಕಿಂತ ಅಲ್ಲೇ ಹೋಗಿ ಉರೀರಿ. ನನಗ ರೊಟ್ಟಿಗೆ ಒಲಿ ಸಾಕಾಗೇತಿ."

ಅವನು ಹೋದ. ಮುಬಶೀರಾ ಮಂತ್ರಿಯ ಹಲಗೆಯನ್ನು ಉಜ್ಜಿ ಉಜ್ಜಿ ಹಿನ್ನೆಲೆಯನ್ನು ಹೊಸದಾಗಿ ಬರೆದು ಮುಗಿಸಿದ್ದಳು. ಅವನ ಕಡೆ ನೋಡಲಿಲ್ಲ, ಬನ್ನಿ ಎನ್ನಲೂ ಇಲ್ಲ. ಎದುರಿಗೆ ಒಂದು ಸ್ಟೂಲ್ ಇತ್ತು, ಕುಳಿತ. ಅವಳ ಪಕ್ಕದಲ್ಲಿ ಈಗ ಝೆರಾಕ್ಸ್ ಇರಲಿಲ್ಲ, ಹಳೆಯ ಸಂಪುಟವೇ ತೆರೆದಿತ್ತು.

ಮೊದಲ ದಿನ ಕಂಬಳಿ ಮೂಡಿತು. ಎಳೆದ ಕಡೆ ಬಿಗಿ, ಬಿಟ್ಟ ಕಡೆ ಸಡಿಲು. ಅಮಾತೆಪ್ಪ ತಪ್ಪು ಹುಡುಕಿದ, ಸಿಗಲಿಲ್ಲ. ಎರಡನೆಯ ದಿನ ಚಳಿಗೆ ನಡುಗುವ ಕನ್ನಡಿಗನ ಮೊಣಕಾಲು, ಮೂರನೆಯ ದಿನ ಎಳೆಯುವವರಲ್ಲಿ ಇಬ್ಬರು. ಅವಳ ಕುಂಚ ಒಂದು ಸಲವೂ ಅನುಮಾನಿಸಲಿಲ್ಲ. ಅವನು ಸ್ಟೂಲಿನ ಅಂಚು ಹಿಡಿದು ಕುಳಿತ. ಮನೆಗೆ ಹೋಗಿ ಮಾತಾಡದೆ ಉಂಡು ಮಲಗಿದ.

ಐದನೆಯ ದಿನ ಮಧ್ಯಾಹ್ನ ಅವಳು ಐದನೆಯ ಮನುಷ್ಯನ ಕೈ ಮುಗಿಸಿದಳು. ಅಮಾತೆಪ್ಪ ಎದ್ದು ಸಂಪುಟದ ಮೇಲೆ ಬಗ್ಗಿದ. ಹಲಗೆಯ ಕಡೆ ನೋಡಿದ. ಮತ್ತೆ ಸಂಪುಟ ನೋಡಿದ.

"ತಪ್ಪೈತಿ," ಎಂದ. ಹಬ್ಬದ ಸುದ್ದಿ ಹೇಳುವಂತಿತ್ತು ದನಿ.

"ಎಲ್ಲಿ?"

"ಉಳಿದ ನಾಕು ಮಂದಿ ಮುಷ್ಟಿ ಹಿಡದು ಎಳದಾರ. ಇಂವನೂ ಎಳದಾನ ಅಂತ ನೀ ಮುಷ್ಟಿ ಬರದಿ. ಅಸಲಿನಾಗ ನೋಡು. ಇಂವ ಎರಡ ಬೆರಳಿಲೆ ಹಿಡದಾನ. ಎಳದಂಗ ಮಾಡತಾನ, ಎಳಿಯೂದಿಲ್ಲ. ಗೆದ್ದವರ ಕಡೆ ಹೋಗೂ ಮನಷ್ಯಾ ಇಂವ. ಅವನ ಕಣ್ಣು ನೋಡು, ಕಂಬಳಿ ಮ್ಯಾಲಿಲ್ಲ, ಬಾಜೂಕಿನವನ ಮ್ಯಾಲೈತಿ."

ಮುಬಶೀರಾ ಹಾಳೆಗೆ ಕಣ್ಣು ತಾಗುವಷ್ಟು ಬಗ್ಗಿದಳು. ಬಹಳ ಹೊತ್ತು ನೋಡಿದಳು. "ಹೌದ್ರಿ," ಎಂದಳು. ಬಟ್ಟೆಯನ್ನು ಎಣ್ಣೆಯಲ್ಲಿ ಅದ್ದಿ ಹಸಿ ಬಣ್ಣ ಒರೆಸತೊಡಗಿದಳು.

ಅಮಾತೆಪ್ಪ ಹೊರಗೆ ಬಂದು ಚಹಾ ತರಿಸಿ ಕುಡಿದ. ತಿಂಗಳುಗಟ್ಟಲೆ ಆಗಿತ್ತು, ಚಹಾ ಅಷ್ಟು ಸಿಹಿಯಾಗಿ. ಹೋಗಿಬರುವವರನ್ನು ತಾನೇ ಕರೆದು ಮಾತನಾಡಿಸಿದ. ಅರ್ಧ ತಾಸಿನ ಮೇಲೆ ಒಳಗೆ ಹೋಗಿ ನೋಡಿದ. ಎರಡು ಬೆರಳು ಬಂದಿದ್ದವು. ಕಂಬಳಿಯ ತುದಿಯನ್ನು ಕೊಳೆಯ ಅರಿವೆ ಹಿಡಿದಂತೆ ಹಿಡಿದಿದ್ದ ಆ ಐದನೆಯವನು ಈಗ ಹಲಗೆಯಲ್ಲೆಲ್ಲ ಎದ್ದು ಕಾಣುತ್ತಿದ್ದ. ಅವನಿಂದಾಗಿ ಉಳಿದ ನಾಲ್ವರಿಗೂ ಜೀವ ಬಂದಿತ್ತು. ಬಾಗಿಲಲ್ಲಿ ಪೇಪರು ಹಿಡಿದು ನಿಂತ ಇಬ್ಬರು ಬೆರಳು ತೋರಿಸಿ ನಗುತ್ತಿದ್ದರು.

ಅಮಾತೆಪ್ಪನ ಬಾಯಲ್ಲಿದ್ದ ಸಿಹಿ ಇಳಿದುಹೋಯಿತು. ಸ್ಟೂಲನ್ನು ಇನ್ನೂ ತುಸು ಮುಂದಕ್ಕೆ ಎಳೆದುಕೊಂಡು, ಇನ್ನೊಂದು ತಪ್ಪು ಹುಡುಕುತ್ತ ಕುಳಿತ.